ಡಬ್ಬಿ ತಿರುಗಿಸಿ ನೋಡಿ: ಐಸ್‌ಕ್ರೀಮ್ ಬಗ್ಗೆ ನೀವು ಕೇಳಿದ್ದು

ಬಿಸಿಲು ಏರಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ರುಚಿಯೇ ಬದಲಾಗುತ್ತದೆ. ತುಪ್ಪ ಅಸಲಿಯೋ ನಕಲಿಯೋ, ಪನೀರು ಯಾಕೆ ರಬ್ಬರಿನಂತಿದೆ ಎಂದು ಕೇಳುವವರೆಲ್ಲ ಹಿಂದೆ ಸರಿದು ಐಸ್‌ಕ್ರೀಮಿನವರು ಮುಂದೆ ಬರುತ್ತಾರೆ. ಈ ಸಲ ಬಂದ ರಾಶಿಯಲ್ಲಿ ಎಂಟನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವೈದ್ಯೆಯಲ್ಲ, ಡಯಟೀಶಿಯನ್ನೂ ಅಲ್ಲ. ಹೆಬ್ಬಾಳದ ಡೈರಿ ಕಾಲೇಜಿನಲ್ಲಿ ಓದಿ, 29 ವರ್ಷ ಡೈರಿಯೊಂದರ ಲ್ಯಾಬಿನಲ್ಲಿ ಹಾಲು, ಬೆಣ್ಣೆ, ಐಸ್‌ಕ್ರೀಮ್ ಪರೀಕ್ಷೆ ಮಾಡಿ ನಿವೃತ್ತಳಾದವಳು. ಡಬ್ಬಿಯೊಳಗೆ ಏನಿದೆ ಎಂದು ಹೇಳಬಲ್ಲೆ. ನಿಮ್ಮ ಹೊಟ್ಟೆಯೊಳಗೆ ಅದು ಏನು ಮಾಡುತ್ತದೆ ಎನ್ನುವುದಕ್ಕೆ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಪ್ರಶ್ನೆ: ನಮ್ಮದು ಚಿಕ್ಕ ದಿನಸಿ ಅಂಗಡಿ. ಸುಮ್ಮನೆ ಕುತೂಹಲಕ್ಕೆ 700 ಮಿಲಿಲೀಟರಿನ ಐಸ್‌ಕ್ರೀಮ್ ಡಬ್ಬಿಯನ್ನು ತಕ್ಕಡಿಗೆ ಇಟ್ಟೆ. ಡಬ್ಬಿಯ ತೂಕ ಕಳೆದರೆ 385 ಗ್ರಾಂ ಬಂತು. ಹಾಲಾದರೆ 700 ಗ್ರಾಂ ದಾಟಬೇಕಲ್ಲ? ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ?
— ಹುಬ್ಬಳ್ಳಿಯ ಓದುಗರು

ಮೋಸ ಅಲ್ಲ, ಗಾಳಿ.

ಎಲ್ಲರೂ ತಿನ್ನುವವರೇ. ತಕ್ಕಡಿಗಿಟ್ಟು ನೋಡಿದವರು ನೀವು ಒಬ್ಬರೇ, ಅದಕ್ಕೇ ನಿಮ್ಮ ಪತ್ರ ಮೊದಲು. ಹಾಲು, ಕೆನೆ, ಹಾಲಿನ ಪುಡಿ, ಸಕ್ಕರೆ ಸೇರಿಸಿ ಕಾಯಿಸಿದ ಮಿಶ್ರಣಕ್ಕೆ ಡೈರಿಯಲ್ಲಿ ಮಿಕ್ಸ್ ಅನ್ನುತ್ತೇವೆ. ಅದು ಲೀಟರಿಗೆ ಸುಮಾರು 1.1 ಕೆ.ಜಿ. ತೂಗುತ್ತದೆ, ಹಾಲಿಗಿಂತ ಭಾರ. ಈ ಮಿಕ್ಸ್ ಫ್ರೀಜರಿನ ಉರುಳೆಯೊಳಗೆ ಹೋದಾಗ ಒಂದು ಕಡೆ ತಣ್ಣಗಾಗುತ್ತದೆ, ಇನ್ನೊಂದು ಕಡೆ ಅಲಗುಗಳು ಅದನ್ನು ಕಡೆಯುತ್ತ ಗಾಳಿ ತುಂಬುತ್ತವೆ. ಒಂದು ಲೀಟರ್ ಒಳಗೆ ಹೋದದ್ದು ಹೊರಗೆ ಬರುವಾಗ ಎರಡು ಲೀಟರ್ ಆಗಿರುವುದು ಮಾಮೂಲು. ಹಾಗೆ ಹಿಗ್ಗಿದ್ದಕ್ಕೆ ನಮ್ಮಲ್ಲಿ ಓವರ್‌ರನ್ ಎಂಬ ಹೆಸರು. ಒಂದು ಎರಡಾದರೆ ನೂರು ಪರ್ಸೆಂಟ್ ಓವರ್‌ರನ್. ಗಾಳಿ ಇಲ್ಲದಿದ್ದರೆ ನೀವು ಚಮಚ ಹಾಕಲಾರಿರಿ, ಸುತ್ತಿಗೆ ಬೇಕಾಗುತ್ತಿತ್ತು. ಆದ್ದರಿಂದ ಗಾಳಿ ಬೇಕು. ಎಷ್ಟು ಬೇಕು ಎನ್ನುವುದಷ್ಟೇ ಜಗಳ.

ಅದಕ್ಕೆ ಕಾನೂನು ಒಂದು ತಳ ಹಾಕಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಮಾನದಂಡದ ಪ್ರಕಾರ ಐಸ್‌ಕ್ರೀಮ್ ಎಂದು ಮಾರುವ ವಸ್ತು ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು. ಹಾಲಿನ ಕೊಬ್ಬು ಕನಿಷ್ಠ 10%, ಪ್ರೋಟೀನು 3.5%, ನೀರು ಬಿಟ್ಟು ಉಳಿದ ಘನಾಂಶ 36% ಇರಬೇಕು. 700 ಮಿಲಿಗೆ ಲೆಕ್ಕ ಹಾಕಿ: 367.5 ಗ್ರಾಂ ಸಾಕು. ನಿಮ್ಮ ಡಬ್ಬಿ 385 ತೂಗಿದೆ, ಪಾಸಾಯಿತು. ತಳಕ್ಕೆ ತೀರಾ ಹತ್ತಿರ, ಆದರೂ ಪಾಸು.

ಮನೆಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಹೋದ ಭಾನುವಾರ ಮೊಮ್ಮಗನನ್ನು ಕೂರಿಸಿಕೊಂಡು ನಾನೇ ಮಾಡಿದೆ. ನೂರು ನೂರು ಮಿಲಿಯ ಎರಡು ವೆನಿಲಾ ಕಪ್ಪು ತಂದೆವು, ಒಂದು ಅಗ್ಗದ್ದು, ಇನ್ನೊಂದು ಅದರ ಎರಡು ಪಟ್ಟಿಗೂ ಹೆಚ್ಚು ಬೆಲೆಯದ್ದು. ಎರಡನ್ನೂ ಸ್ಟೀಲ್ ಲೋಟಕ್ಕೆ ಹಾಕಿ, ತಟ್ಟೆ ಮುಚ್ಚಿ, ಮಧ್ಯಾಹ್ನದಿಂದ ಸಂಜೆಯ ತನಕ ಬಿಟ್ಟೆವು. ನೊರೆ ಪೂರ್ತಿ ಅಡಗಿದ ಮೇಲೆ ಮಗುವಿಗೆ ಔಷಧಿ ಕೊಡಲು ಇಟ್ಟುಕೊಂಡ ಅಳತೆಯ ಗ್ಲಾಸಿಗೆ ಸುರಿದು ಸುರಿದು ನೋಡಿದರೆ ಅಗ್ಗದ್ದು 50 ಮಿಲಿಯ ಆಸುಪಾಸು, ದುಬಾರಿಯದು 80 ದಾಟಿತ್ತು. ‘ಅಜ್ಜಿ, ಉಳಿದದ್ದು ಎಲ್ಲಿ ಹೋಯ್ತು?’ ಅಂದ. ಎಲ್ಲೂ ಹೋಗಲಿಲ್ಲ, ಇರಲೇ ಇಲ್ಲ.

ಇದರಿಂದ ಡಬ್ಬಿ ಓದುವವರಿಗೆ ಒಂದು ಗುಂಡಿ ತೋಡಿದಂತಾಗಿದೆ. ಪೋಷಕಾಂಶದ ಪಟ್ಟಿಯನ್ನು ಒಬ್ಬರು 100 ಗ್ರಾಮಿಗೆ ಬರೆಯುತ್ತಾರೆ, ಇನ್ನೊಬ್ಬರು 100 ಮಿಲಿಗೆ. ಸಾಧಾರಣ ವೆನಿಲಾ 100 ಗ್ರಾಮಿಗೆ ಸುಮಾರು 200 ಕ್ಯಾಲೊರಿ. ಬಾಯಿಲೆಕ್ಕವೇ ಸಾಕು: ಕೊಬ್ಬು 10 ಗ್ರಾಂ, ಒಂದಕ್ಕೆ 9ರಂತೆ 90. ಪ್ರೋಟೀನು ಮೂರೂವರೆ, ಒಂದಕ್ಕೆ 4ರಂತೆ 14. ಸಕ್ಕರೆ ಮತ್ತಿತರ ಕಾರ್ಬೊಹೈಡ್ರೇಟು 23, ಅದಕ್ಕೂ 4ರಂತೆ 92. ಒಟ್ಟು 196. ಇದೇ ಐಸ್‌ಕ್ರೀಮನ್ನು 100 ಮಿಲಿಯ ಲೆಕ್ಕದಲ್ಲಿ ಬರೆದರೆ 110ರ ಹತ್ತಿರ ನಿಲ್ಲುತ್ತದೆ. ಎರಡು ಡಬ್ಬಿ ಅಕ್ಕಪಕ್ಕ ಇಟ್ಟು ‘ಇದರಲ್ಲಿ ಕ್ಯಾಲೊರಿ ಅರ್ಧ’ ಎಂದು ಖುಷಿಯಿಂದ ಎತ್ತಿಕೊಂಡು ಹೋಗುವವರನ್ನು ಸೂಪರ್ ಮಾರ್ಕೆಟ್ಟಿನಲ್ಲಿ ನಾನೇ ನೋಡಿದ್ದೇನೆ. ಬಾಯಿ ಹಾಕುವಷ್ಟು ಪರಿಚಯವಿರಲಿಲ್ಲ, ಸುಮ್ಮನಾದೆ.

ಪ್ರಶ್ನೆ: ಎಂಟು ವರ್ಷದ ಮಗ ಹಾಲು ಕುಡಿಯುವುದೇ ಇಲ್ಲ. ಐಸ್‌ಕ್ರೀಮ್ ಕೊಟ್ಟರೆ ಲೋಟ ನೆಕ್ಕುತ್ತಾನೆ. ಅದೂ ಹಾಲಿನದೇ ಅಲ್ಲವೇ, ದಿನಕ್ಕೊಂದು ಕಪ್ಪು ಕೊಟ್ಟರೆ ಹಾಲಿನ ಬದಲಿಗೆ ಆಗುತ್ತದೆಯೇ?
— ದಾವಣಗೆರೆಯ ತಾಯಿ

ಆಗುವುದಿಲ್ಲ ಅಮ್ಮ. ಯಾಕೆ ಎಂದು ಲೋಟ ಪಕ್ಕ ಕಪ್ಪು ಇಟ್ಟೇ ಹೇಳುತ್ತೇನೆ.

ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು 200 ಮಿಲಿ ತೆಗೆದುಕೊಳ್ಳಿ. ಕ್ಯಾಲೊರಿ 120ರ ಹತ್ತಿರ, ಪ್ರೋಟೀನು 6 ಗ್ರಾಂ ದಾಟುತ್ತದೆ, ಕ್ಯಾಲ್ಸಿಯಂ ಸುಮಾರು 240 ಮಿಲಿಗ್ರಾಂ. 100 ಮಿಲಿಯ ಐಸ್‌ಕ್ರೀಮ್ ಕಪ್ಪಿನಲ್ಲಿರುವ ಮಾಲು 55 ಗ್ರಾಂ. ಕ್ಯಾಲೊರಿ 110. ಅಲ್ಲಿಗೆ ಎರಡೂ ಸಮ ಎನ್ನಿಸುತ್ತದೆ. ಆದರೆ ಪ್ರೋಟೀನು ಎರಡು ಗ್ರಾಂ ಮುಟ್ಟುವುದೇ ಕಷ್ಟ, ಕ್ಯಾಲ್ಸಿಯಂ 70 ಮಿಲಿಗ್ರಾಂ. ಒಂದು ಲೋಟ ಹಾಲಿನ ಕ್ಯಾಲ್ಸಿಯಂ ಬೇಕೆಂದರೆ ಮಗನಿಗೆ ಮೂರೂವರೆ ಕಪ್ಪು ಕೊಡಬೇಕು, ಜೊತೆಗೆ ಆರೇಳು ಚಮಚ ಸಕ್ಕರೆ ಪುಕ್ಕಟೆ. ಅವನ ವಯಸ್ಸಿಗೆ ದಿನಕ್ಕೆ ಬೇಕಾದ್ದು 650 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ.

ಸಕ್ಕರೆಯ ಮಾತು ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ಮೇಲೆ ಹೇಳಿದ ಕಾನೂನಿನ ಮಾನದಂಡದಲ್ಲಿ ಕೊಬ್ಬಿಗೆ ಅಂಕಿ ಇದೆ, ಪ್ರೋಟೀನಿಗಿದೆ, ತೂಕಕ್ಕಿದೆ. ಸಕ್ಕರೆಗೆ ಇಲ್ಲ. ಸಾಮಾನ್ಯವಾಗಿ ನೂರು ಗ್ರಾಮಿಗೆ 14–15 ಗ್ರಾಂ ಹಾಕುತ್ತಾರೆ, ಹಾಲಿನದೇ ಲ್ಯಾಕ್ಟೋಸು ಐದಾರು ಗ್ರಾಂ ಬೇರೆ. ಅಷ್ಟು ಯಾಕೆ ಬೇಕು ಅಂದರೆ ತಣ್ಣನೆಯ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಕರಗಿದ ಐಸ್‌ಕ್ರೀಮನ್ನು ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ. ಇನ್ನೊಂದು ಕಾರಣವೂ ಇದೆ, ಸಕ್ಕರೆ ಇದ್ದರೆ ನೀರು ಪೂರ್ತಿ ಹೆಪ್ಪುಗಟ್ಟುವುದಿಲ್ಲ, ಐಸ್‌ಕ್ರೀಮ್ ಮೆತ್ತಗೆ ಉಳಿಯುತ್ತದೆ.

ಡಬ್ಬಿಯ ಮೇಲೆ ‘ಟೋಟಲ್ ಶುಗರ್’ ಮತ್ತು ‘ಆಡೆಡ್ ಶುಗರ್’ ಎಂದು ಎರಡು ಸಾಲು ಇರುತ್ತವೆ. ನೋಡಬೇಕಾದ್ದು ಎರಡನೆಯದು. ಅದರ ಪಕ್ಕದ ಪರ್ಸೆಂಟನ್ನು ಮಾತ್ರ ಅನುಮಾನದಿಂದಲೇ ನೋಡಿ. ಆ ಲೆಕ್ಕ ನಿಂತಿರುವುದು ದೊಡ್ಡವರಿಗೆ ದಿನಕ್ಕೆ 2000 ಕ್ಯಾಲೊರಿ, 50 ಗ್ರಾಂ ಸಕ್ಕರೆ ಎಂಬ ಆಧಾರದ ಮೇಲೆ. ಒಂದು ಕಪ್ಪಿನಲ್ಲಿ 8 ಗ್ರಾಂ ಇದ್ದರೆ ಡಬ್ಬಿ ‘16%’ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಸಕ್ಕರೆಯಿಂದ ಬರುವ ಕ್ಯಾಲೊರಿಯನ್ನು ದಿನದ ಒಟ್ಟು ಕ್ಯಾಲೊರಿಯ 5 ಪರ್ಸೆಂಟಿಗೆ ಇಳಿಸಿದರೆ ಇನ್ನೂ ಒಳ್ಳೆಯದು, ಅಂದರೆ 25 ಗ್ರಾಂ, ಅನ್ನುತ್ತದೆ. ಆ ಲೆಕ್ಕಕ್ಕೆ ಅದೇ ಕಪ್ಪು 32%. ನಿಮ್ಮ ಮಗನಿಗೆ ದಿನಕ್ಕೆ 2000 ಕ್ಯಾಲೊರಿಯೂ ಬೇಕಿಲ್ಲ, ಹಾಗಾಗಿ ಅವನ ಪಾಲಿಗೆ ಇನ್ನೂ ಹೆಚ್ಚೇ.

ಹಾಲು ಒಲ್ಲೆ ಅನ್ನುವ ಮಗುವಿಗೆ ಮೊಸರನ್ನ, ರಾಗಿ ಅಂಬಲಿ, ರಾಗಿ ಮುದ್ದೆ ಇವೆ. ರಾಗಿಯ ಕ್ಯಾಲ್ಸಿಯಂ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು. ಐಸ್‌ಕ್ರೀಮ್ ಭಾನುವಾರಕ್ಕಿರಲಿ, ಅವನೂ ಮಗುವಲ್ಲವೇ.

ಪ್ರಶ್ನೆ: ಮನೆಗೆ ತಂದ ಡಬ್ಬಿಯ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದೆ. ವಾಟ್ಸಾಪಿನಲ್ಲಿ ಅದು ಡಾಲ್ಡಾ, ತಿಂದರೆ ಹೃದಯ ನಿಲ್ಲುತ್ತದೆ ಎಂದು ಬಂದಿದೆ. ನಿಜವೇ? ಎಸೆಯಲೇ?
— ತಿಪಟೂರಿನ ನಿವೃತ್ತ ಶಿಕ್ಷಕರು

ಎಸೆಯಬೇಡಿ ಮೇಷ್ಟ್ರೇ. ಆ ವಾಟ್ಸಾಪ್ ಮೆಸೇಜನ್ನು ಎಸೆಯಿರಿ. ಆದರೆ ನಿಮಗೆ ಬೇಜಾರಾದದ್ದು ಸರಿಯೇ, ಅದರ ಕಾರಣ ಮಾತ್ರ ಬೇರೆ.

ವ್ಯತ್ಯಾಸ ಇಷ್ಟು: ಐಸ್‌ಕ್ರೀಮ್ ಎಂದು ಬರೆಯಬೇಕಾದರೆ ಅದರ ಕೊಬ್ಬು ಹಾಲಿನದಾಗಿರಬೇಕು. ಹಾಲಿನ ಕೊಬ್ಬಿನ ಬದಲು ಅಥವಾ ಅದರ ಜೊತೆ ಖಾದ್ಯ ಎಣ್ಣೆ ಹಾಕಿದರೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ಸಾಮಾನ್ಯವಾಗಿ ಅದು ತಾಳೆ ಎಣ್ಣೆ. ಹಾಲಿನ ಪುಡಿ ಅದರಲ್ಲೂ ಇರುತ್ತದೆ, ಕ್ಯಾಲೊರಿ, ಸಕ್ಕರೆ, ಪ್ರೋಟೀನು ಹೆಚ್ಚುಕಡಿಮೆ ಒಂದೇ. ಬದಲಾಗುವುದು ಕೊಬ್ಬಿನ ಮೂಲ, ಮತ್ತು ಮಾಡುವವನ ಖರ್ಚು. ಬೆಣ್ಣೆಯ ಬೆಲೆಯೇ ಬೇರೆ, ತಾಳೆ ಎಣ್ಣೆಯ ಬೆಲೆಯೇ ಬೇರೆ.

ಡಾಲ್ಡಾ ಅಂದರೆ ವನಸ್ಪತಿ, ಅಂದರೆ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ್ದು. ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬಿನ ಕೆಟ್ಟ ಹೆಸರು ಬಂದದ್ದು ಅದರಿಂದ. ತಾಳೆ ಎಣ್ಣೆ ತಾನಾಗಿಯೇ ಅರೆಗಟ್ಟಿ, ಅದಕ್ಕೆ ಆ ಕೆಲಸ ಬೇಕಿಲ್ಲ. ಇದೇ ಮಾತಿಗೆ ಕೋರ್ಟು ಮೆಟ್ಟಿಲೂ ಏರಿಯಾಗಿದೆ. 2017ರಲ್ಲಿ ಅಮೂಲ್ ತನ್ನ ಟಿ.ವಿ. ಜಾಹೀರಾತಿನಲ್ಲಿ ಫ್ರೋಜನ್ ಡೆಸರ್ಟಿನಲ್ಲಿ ವನಸ್ಪತಿ ಇರುತ್ತದೆ ಎಂಬಂತೆ ತೋರಿಸಿತು. ಕ್ವಾಲಿಟಿ ವಾಲ್ಸ್ ಮಾರುವ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು, ಕೋರ್ಟು ಆ ಜಾಹೀರಾತಿಗೆ ತಡೆ ಕೊಟ್ಟಿತು. ಮೇಲಾಗಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟು 2 ಪರ್ಸೆಂಟ್ ಮೀರುವಂತಿಲ್ಲ.

ನನ್ನ ಲ್ಯಾಬಿನ ದಿನಗಳಲ್ಲಿ ವನಸ್ಪತಿ ಹಿಡಿಯುವುದು ಒಂದು ಮೋಜಿನ ಕೆಲಸವಾಗಿತ್ತು. ವನಸ್ಪತಿ ಮಾಡುವವರು ಅದಕ್ಕೆ 5 ಪರ್ಸೆಂಟ್ ಎಳ್ಳೆಣ್ಣೆ ಸೇರಿಸಲೇಬೇಕೆಂದು ಸರ್ಕಾರವೇ ಕಡ್ಡಾಯ ಮಾಡಿತ್ತು, ಕಳ್ಳನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ಕರಗಿಸಿದ ಕೊಬ್ಬನ್ನು ಕೊಳವೆಗೆ ಹಾಕಿ, ಹೈಡ್ರೋಕ್ಲೋರಿಕ್ ಆಸಿಡ್ ಸುರಿದು, ಫರ್ಫ್ಯೂರಾಲ್ ಎರಡು ತೊಟ್ಟು ಬಿಟ್ಟು ಚೆನ್ನಾಗಿ ಕುಲುಕಿ ನಿಲ್ಲಿಸಿದರೆ, ಎಳ್ಳೆಣ್ಣೆ ಇದ್ದಲ್ಲಿ ತಳದ ಆಸಿಡ್ ಪದರ ದಾಸವಾಳದ ಬಣ್ಣಕ್ಕೆ ತಿರುಗುತ್ತಿತ್ತು. ಬೋಡೋಯಿನ್ ಪರೀಕ್ಷೆ ಅದರ ಹೆಸರು. ಅಟೆಂಡರ್ ಹುಡುಗರಿಂದ ಮ್ಯಾನೇಜರ್ ತನಕ ಎಲ್ಲರೂ ಬಂದು ಕೊಳವೆಗೆ ಇಣುಕುತ್ತಿದ್ದರು. ತಾಳೆ ಎಣ್ಣೆಗೆ ಆ ಗಂಟೆ ಇಲ್ಲ, ಅದಕ್ಕೆ ಆರ್‌ಎಂ ಮೌಲ್ಯ ತೆಗೆಯಬೇಕು. ಹಾಲಿನ ಕೊಬ್ಬಿನಲ್ಲಷ್ಟೇ ಧಾರಾಳವಾಗಿರುವ ಬ್ಯುಟಿರಿಕ್ ಆಮ್ಲದಂಥವನ್ನು ಭಟ್ಟಿ ಇಳಿಸಿ ಅಳೆಯುವುದು. ಹಾಲಿನ ಕೊಬ್ಬಾದರೆ ಇಪ್ಪತ್ತರ ಮೇಲೆ, ತಾಳೆ ಎಣ್ಣೆಯಾದರೆ ಸೊನ್ನೆಯ ಹತ್ತಿರ. ಆ ಪರೀಕ್ಷೆ ಮಾಡಿದ ದಿನ ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಅಷ್ಟು ಹಳಸಿದ ಬೆಣ್ಣೆಯ ನಾತ.

ಇನ್ನು ಆರೋಗ್ಯದ ಲೆಕ್ಕ. ಹಾಲಿನ ಕೊಬ್ಬು ನಮ್ಮದು, ಪವಿತ್ರ, ಆದ್ದರಿಂದ ಹೃದಯಕ್ಕೆ ತೊಂದರೆಯಿಲ್ಲ ಎಂದುಕೊಂಡಿರುವವರು ಬಹಳ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು 60 ಪರ್ಸೆಂಟಿನ ಮೇಲೆ. ತಾಳೆ ಎಣ್ಣೆಯಲ್ಲಿ ಸುಮಾರು 50. ಒಂದು ಕಪ್ಪಿಗೆ ಅದು ಮೂರು ಗ್ರಾಮಿನ ಆಚೆ ಈಚೆ, ಡಬ್ಬಿಯ ಲೆಕ್ಕದಲ್ಲಿ ದಿನದ ಮಿತಿ 22 ಗ್ರಾಂ. ಕೊಲೆಸ್ಟರಾಲ್ ಹಾಲಿನದರಲ್ಲಿ ಇದೆ, ಗಿಡದ ಎಣ್ಣೆಯಲ್ಲಿ ಇಲ್ಲ. ತಾಳೆಯ ಬದಲು ತೆಂಗಿನೆಣ್ಣೆ ಹಾಕಿದ್ದರೆ ಸ್ಯಾಚುರೇಟೆಡ್ ಕೊಬ್ಬು 90ರ ಹತ್ತಿರ. ತಿಪಟೂರಿನವರಿಗೆ ಇದನ್ನು ಹೇಳುವಾಗ ನನಗೂ ಸ್ವಲ್ಪ ಸಂಕೋಚವೇ. ಒಟ್ಟಿನಲ್ಲಿ ಒಂದು ವಿಷ ಇನ್ನೊಂದು ಅಮೃತ ಎಂಬುದು ಸುಳ್ಳು.

ಹಾಗಾದರೆ ಬೇಜಾರು ಯಾಕೆ ಸರಿ ಅಂದೆ? ಹೋದ ವರ್ಷ ನಮ್ಮಣ್ಣನ ಮಗಳ ಮದುವೆ. ಊಟದ ಕೊನೆಗೆ ‘ಕೇಸರ್ ಪಿಸ್ತಾ ಐಸ್‌ಕ್ರೀಮ್’ ಎಂದು ಬೋರ್ಡ್ ಹಾಕಿದ ಕೌಂಟರು. ಒಂದು ಚಮಚ ಬಾಯಿಗಿಟ್ಟೆ, ಕರಗಿದ ಮೇಲೂ ಅಂಗುಳಿಗೆ ಮೇಣ ಸವರಿದ ಹಾಗೆ ಏನೋ ಉಳಿಯಿತು. ಹಳೇ ಕಸುಬು ಸುಮ್ಮನಿರಲು ಬಿಡಲಿಲ್ಲ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೌಂಟರಿನ ಹಿಂದೆ ಹೋದೆ. ಖಾಲಿ ಡಬ್ಬಿಗಳ ರಾಶಿ. ಒಂದನ್ನೆತ್ತಿ ಕನ್ನಡಕ ಏರಿಸಿ ಓದಿದರೆ ಫ್ರೋಜನ್ ಡೆಸರ್ಟ್, ಕೆಳಗೆ ಪುಟ್ಟ ಅಕ್ಷರದಲ್ಲಿ ಎಡಿಬಲ್ ವೆಜಿಟೇಬಲ್ ಆಯಿಲ್. ಬಡಿಸುತ್ತಿದ್ದ ಹುಡುಗ, ‘ಎರಡೂ ಒಂದೇ ಮೇಡಂ, ಇದು ಬೇಗ ಕರಗಲ್ಲ’ ಅಂದ. ಅಣ್ಣನ ಬಿಲ್ಲಿನಲ್ಲಿ ಮಾತ್ರ ‘ಐಸ್‌ಕ್ರೀಮ್’ ಎಂದೇ ಇತ್ತು, ದುಡ್ಡೂ ಅದರದ್ದೇ. ಕಂಪನಿ ತನ್ನ ಡಬ್ಬಿಯ ಮೇಲೆ ಸತ್ಯ ಬರೆದಿತ್ತು, ಅದು ಡಬ್ಬಿಯಿಂದ ತಟ್ಟೆಗೆ ಬರುವಷ್ಟರಲ್ಲಿ ಹೆಸರು ಬದಲಾಯಿತು. ನನ್ನ ತಕರಾರು ಅಷ್ಟೇ. ಎಣ್ಣೆಯದು ಎಂದು ಹೇಳಿ ಎಣ್ಣೆಯ ಬೆಲೆಗೆ ಕೊಟ್ಟಿದ್ದರೆ ಇನ್ನೊಂದು ಚಮಚ ನಾನೇ ಹಾಕಿಸಿಕೊಳ್ಳುತ್ತಿದ್ದೆ.

ಪ್ರಶ್ನೆ: ಪದಾರ್ಥಗಳ ಪಟ್ಟಿಯಲ್ಲಿ 471, 412, 407 ಎಂದೆಲ್ಲ ನಂಬರುಗಳಿವೆ. ಕೆಮಿಕಲ್ಲೇ? ನಾವು ಸಸ್ಯಾಹಾರಿಗಳು.
— ಶಿರಸಿಯ ಓದುಗರು

412 ಅಂದರೆ ಗೋರಿಕಾಯಿ. ನಿಜವಾಗಿ! ನೀವು ಪಲ್ಯ ಮಾಡುವ ಗೋರಿಕಾಯಿಯ (ಕೆಲವು ಕಡೆ ಚವಳಿಕಾಯಿ) ಬೀಜದಿಂದ ತೆಗೆದ ಅಂಟು, ಗ್ವಾರ್ ಗಮ್. ರಾಜಸ್ಥಾನದಲ್ಲಿ ಅದೊಂದು ದೊಡ್ಡ ಬೆಳೆ. 407 ಕಡಲಪಾಚಿಯದು. ಇವು ನೀರನ್ನು ಹಿಡಿದಿಟ್ಟುಕೊಂಡು ಮಂಜಿನ ಹರಳು ದಪ್ಪವಾಗದಂತೆ ನೋಡಿಕೊಳ್ಳುತ್ತವೆ. 471 ಕೊಬ್ಬಿನಿಂದಲೇ ಮಾಡಿದ್ದು, ಗಾಳಿಗುಳ್ಳೆ ನಿಲ್ಲಲು ನೆರವಾಗುತ್ತದೆ. ಅದನ್ನು ಗಿಡದ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದ್ದರೆ ಗಿಡದ್ದು.

ನಂಬರು ಕಂಡರೆ ಹೆದರಬೇಡಿ ಎನ್ನುತ್ತೇನೆ, ಆದರೆ ಬಣ್ಣದ ನಂಬರುಗಳನ್ನು ನಾನೂ ನೋಡುತ್ತೇನೆ. 102, 110, 122 ಕೃತಕ ಬಣ್ಣಗಳು. ಮಿತಿಯೊಳಗೆ ಕಾನೂನು ಒಪ್ಪಿದೆ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ನಿಷೇಧಿಸಿತಲ್ಲ, ಆ ರೋಡಮಿನ್ ಬೇರೆ, ಅದು ಯಾವ ತಿನಿಸಿಗೂ ಒಪ್ಪಿಗೆ ಇಲ್ಲದ ಬಟ್ಟೆಯ ಬಣ್ಣ. ಆದರೂ ಪಿಸ್ತಾ ಎಂದು ಹೆಸರಿಟ್ಟು ಪಟ್ಟಿಯಲ್ಲಿ ಪಿಸ್ತಾಕ್ಕಿಂತ ಮೊದಲು ಬಣ್ಣ ಬಂದರೆ ಡಬ್ಬಿಯನ್ನು ವಾಪಸ್ ಇಡುತ್ತೇನೆ. ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ, ಇದು ನೆನಪಿದ್ದರೆ ಸಾಕು.

ಪ್ರಶ್ನೆ: ನನಗೆ ಹತ್ತು ವರ್ಷದಿಂದ ಶುಗರ್. ‘ನೋ ಆಡೆಡ್ ಶುಗರ್’ ಐಸ್‌ಕ್ರೀಮ್ ಎಷ್ಟು ಬೇಕಾದರೂ ತಿನ್ನಬಹುದೇ?
— ಮೈಸೂರಿನ ಓದುಗರು

ನಮ್ಮ ಯಜಮಾನರೂ ಇದನ್ನೇ ಕೇಳಿದ್ದರು, ಅರ್ಧ ಡಬ್ಬಿ ಮುಗಿಸಿದ ಮೇಲೆ.

‘ಸಕ್ಕರೆ ಸೇರಿಸಿಲ್ಲ’ ಎಂಬುದು ಒಂದು ಮಾತು, ‘ಸಕ್ಕರೆ ಇಲ್ಲ’ ಎಂಬುದು ಇನ್ನೊಂದು. ಹಾಲಿನ ಲ್ಯಾಕ್ಟೋಸು ಎಲ್ಲಿಗೂ ಹೋಗಿರುವುದಿಲ್ಲ, 100 ಗ್ರಾಮಿಗೆ ಐದಾರು ಗ್ರಾಂ ಇದ್ದೇ ಇರುತ್ತದೆ. ಸಕ್ಕರೆ ತೆಗೆದರೆ ಆ ಜಾಗ ತುಂಬಬೇಕಲ್ಲ, ಅಲ್ಲಿಗೆ ಮಾಲ್ಟಿಟಾಲ್, ಸಾರ್ಬಿಟಾಲ್ ಬರುತ್ತವೆ, ಸಿಹಿ ಏರಿಸಲು ಸುಕ್ರಲೋಸ್ ಒಂದು ಚಿಟಿಕೆ. ಮಾಲ್ಟಿಟಾಲಿಗೂ ಕ್ಯಾಲೊರಿ ಇದೆ, ಸಕ್ಕರೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ. ರಕ್ತದಲ್ಲಿ ಶುಗರನ್ನೂ ಏರಿಸುತ್ತದೆ, ನಿಧಾನವಾಗಿ. ಹೆಚ್ಚು ತಿಂದರೆ ಹೊಟ್ಟೆ ಗುಡುಗಿ ಬೇಧಿ. ಅದನ್ನು ಡಬ್ಬಿಯ ಮೇಲೂ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ನಮ್ಮನೆಯಲ್ಲಿ ಓದುವ ಮೊದಲೇ ಗೊತ್ತಾಯಿತು. ಕೊಬ್ಬು ಮಾಮೂಲಿನಷ್ಟೇ, ಕೆಲವದರಲ್ಲಿ ಜಾಸ್ತಿ. ಎಷ್ಟು ತಿನ್ನಬಹುದು ಎನ್ನುವುದನ್ನು ನಿಮ್ಮ ಮಾತ್ರೆ ಬರೆದುಕೊಡುವವರು ಹೇಳಲಿ. ‘ಎಷ್ಟು ಬೇಕಾದರೂ’ ಎಂಬುದಕ್ಕೆ ಮಾತ್ರ ಉತ್ತರ ನಾನೇ ಕೊಡಬಲ್ಲೆ: ಇಲ್ಲ.

ಪ್ರಶ್ನೆ: ಫ್ರೀಜರಿನಲ್ಲಿಟ್ಟ ಐಸ್‌ಕ್ರೀಮ್ ತಿಂಗಳಾದ ಮೇಲೆ ಮರಳು ಮರಳು. ಕೆಟ್ಟಿದೆಯೇ?
— ರಾಯಚೂರಿನ ಓದುಗರು

ಕರೆಂಟ್ ಹೋಗಿ ಬಂದು, ಬಾಗಿಲು ತೆಗೆದು ಹಾಕಿ, ಒಳಗಿನದು ಅಷ್ಟಷ್ಟೇ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಪ್ರತಿ ಸಲ ಮಂಜಿನ ಹರಳು ಹಿಂದಿನದಕ್ಕಿಂತ ದಪ್ಪವಾಗುತ್ತದೆ. ನಾಲಿಗೆಯ ಮೇಲೆ ಕರಗುವ ಚುರುಕು ಮಂಜಾದರೆ ಅದು ನೀರಿನ ಹರಳು. ಕರಗದೆ ಉಸುಕಿನಂತೆ ಉಳಿದರೆ ಲ್ಯಾಕ್ಟೋಸಿನ ಹರಳು. ಎರಡರಿಂದಲೂ ಅಪಾಯವಿಲ್ಲ, ರುಚಿ ಹೋಗಿದೆ ಅಷ್ಟೇ. ಆದರೆ ಪೂರ್ತಿ ನೀರಾಗಿ ಗಂಟೆಗಟ್ಟಲೆ ನಿಂತದ್ದನ್ನು ಮತ್ತೆ ಗಟ್ಟಿ ಮಾಡಿ ತಿನ್ನಬೇಡಿ. ಚಳಿಗೆ ರೋಗಾಣು ಸಾಯುವುದಿಲ್ಲ, ಮಲಗಿರುತ್ತದೆ. ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಮುಚ್ಚಳ ಅದುಮಿ ನೋಡಿ. ಮೈನಸ್ 18 ಡಿಗ್ರಿಯಲ್ಲಿ ಇದ್ದದ್ದು ಕಲ್ಲಿನಂತಿರುತ್ತದೆ. ರಾಯಚೂರಿನ ಬಿಸಿಲಿಗೆ ಮನೆ ಮುಟ್ಟುವ ಹೊತ್ತಿಗೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ, ಹಳೇ ಪೇಪರಿನಲ್ಲಿ ಎರಡು ಸುತ್ತು ಸುತ್ತಿ.

ಪ್ರಶ್ನೆ: ಐಸ್‌ಕ್ರೀಮ್ ತಿಂದರೆ ನೆಗಡಿ ಬರುತ್ತದೆಯೇ?
— ಕೋಲಾರದ ಆರನೇ ಕ್ಲಾಸಿನ ಓದುಗ

ನೆಗಡಿ ಬರುವುದು ವೈರಸ್ಸಿನಿಂದ. ಅಮ್ಮನಿಗೆ ಈ ಪುಟ ತೋರಿಸು, ಆದರೆ ನಾನು ಹೇಳಿದೆ ಎಂದು ಎರಡನೇ ಕಪ್ಪು ಕೇಳಬೇಡ.

ಪ್ರಶ್ನೆ: ನಾವು ಮಂಗಳೂರಿನವರು, ಮುಂಬೈಯಲ್ಲಿ ನೆಲೆಸಿ ಮೂವತ್ತು ವರ್ಷ. ಊರಿಗೆ ಬಂದಾಗಲೆಲ್ಲ ಗಡ್‌ಬಡ್ ತಿನ್ನದೆ ವಾಪಸಾಗುವುದಿಲ್ಲ. ಹಣ್ಣು, ಗೋಡಂಬಿ ಎಲ್ಲ ಇರುವುದರಿಂದ ಅದು ಬೇರೆ ಐಸ್‌ಕ್ರೀಮಿಗಿಂತ ಒಳ್ಳೆಯದಲ್ಲವೇ? ಮಗಳು ನಗುತ್ತಾಳೆ.
— ಮುಂಬೈಯ ಓದುಗರು

ಮಗಳು ನಗುವುದರಲ್ಲಿ ತಪ್ಪಿಲ್ಲ.

ಐಸ್‌ಕ್ರೀಮಿನ ವಿಷಯದಲ್ಲಿ ನಿಮ್ಮ ಕರಾವಳಿಯವರ ಎದುರು ನಾನು ತಲೆ ತಗ್ಗಿಸಿಯೇ ಮಾತಾಡುವುದು. ಮಂಗಳೂರಿನ ಐಡಿಯಲ್ ಐಸ್‌ಕ್ರೀಮ್ ಅಂಗಡಿ 1975ರದ್ದು. ನೀವಿರುವ ಮುಂಬೈಯಲ್ಲೇ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದ ರಘುನಂದನ್ ಕಾಮತರು ಮೂಲ್ಕಿ ಕಡೆಯವರು, ಹಣ್ಣಿನ ವ್ಯಾಪಾರಿಯ ಮಗ. ಸೀತಾಫಲ, ಎಳನೀರನ್ನು ಐಸ್‌ಕ್ರೀಮಿಗೆ ತಂದು ಹೆಸರಾದವರು, 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಈಗ ನಿಮ್ಮ ಉದ್ದನೆಯ ಗ್ಲಾಸಿಗೆ ಬರೋಣ. ಮೂರು ಬಗೆಯ ಐಸ್‌ಕ್ರೀಮ್ ಒಂದೊಂದು ಉಂಡೆ, ಅಲ್ಲಿಗೇ 330 ಕ್ಯಾಲೊರಿಯ ಸುತ್ತ. ನಡುವೆ ಕೆಂಪು ಜೆಲ್ಲಿ, ಅದು ಸಕ್ಕರೆ ನೀರು ಗಟ್ಟಿಯಾದದ್ದು. ಹಣ್ಣಿನ ಚೂರು ನಾಲ್ಕು ಚಮಚ. ಮೇಲೆ ಗೋಡಂಬಿ, ಒಣದ್ರಾಕ್ಷಿ, ಅವು ಒಳ್ಳೆಯವೇ, ಆದರೆ ಹತ್ತು ಗ್ರಾಂ ಗೋಡಂಬಿಗೆ 55–60 ಕ್ಯಾಲೊರಿ. ನನ್ನ ಅಂದಾಜಿಗೆ ಗ್ಲಾಸು ಖಾಲಿಯಾಗುವಾಗ ನಾನೂರೈವತ್ತರ ಮೇಲೆ. ಒಂದು ಊಟ. ನಾಲ್ಕು ಚೂರು ಪಪ್ಪಾಯಿ ಇದ್ದ ಮಾತ್ರಕ್ಕೆ ಅದು ಫ್ರೂಟ್ ಸಲಾಡ್ ಆಗುವುದಿಲ್ಲ.

ವರ್ಷಕ್ಕೆ ಎಷ್ಟು ಸಲ ಊರಿಗೆ ಬರುತ್ತೀರಿ ಎಂದು ನೀವು ಬರೆದಿಲ್ಲ. ಎರಡು ಸಲವಾದರೆ ಈ ಲೆಕ್ಕವನ್ನೆಲ್ಲ ಮಡಿಸಿಟ್ಟು ಮಗಳಿಗೂ ಒಂದು ಗ್ಲಾಸ್ ಹೇಳಿ. ಉದ್ದ ಚಮಚ ತಳಕ್ಕೆ ಮುಟ್ಟುವ ಹೊತ್ತಿಗೆ ಮೂರೂ ಬಣ್ಣ ಕಲೆತು ಕರಗಿರುತ್ತದಲ್ಲ, ಅದನ್ನು ಬಿಡಬೇಡಿ.